ಮೂಸಕ್ಕನ ಒಂದೇ ಇಂಗ್ಲಿಷ್ ಪದ

ಮೂಸಕ್ಕನಿಗೆ ಬರೆಯಲು ಬರುತ್ತಿದ್ದ ಇಂಗ್ಲಿಷ್ ಪದ ಒಂದೇ ಒಂದು: ಫ್ರೆಶ್. ಆ ಐದು ಅಕ್ಷರಗಳನ್ನು ಅವಳು ಹನ್ನೊಂದು ವರ್ಷ ಬರೆದಳು. ದಿನಕ್ಕೆ ಇಪ್ಪತ್ತೆರಡು ಸಲ, ಲಾಡ್ಜಿನ ಇಪ್ಪತ್ತೆರಡು ಬಾಗಿಲುಗಳ ಹಿಂದೆ. ಅದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಕೇಳಬೇಡಿ, ಹೇಳಲು ಹೊರಟವರಿಗೇ ಹೇಸಿಗೆ. ಆದರೂ ಹೇಳಲೇಬೇಕು. ಎಲ್ಲೋ ಒಂದು ಲಾಡ್ಜಿನ ಬಿಳೀ ಹಾಸಿನ ಮೇಲೆ ಮುಖವಿಟ್ಟು, ಅಬ್ಬಾ ಎಂದು ಕಾಲು ಚಾಚಿದವರೇ ತಾನೆ ನಾವೆಲ್ಲ.

ಅವಳಿಗೊಂದು ಸರಿಯಾದ ಹೆಸರೂ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಯಾವುದನ್ನು ಕೈಗೆತ್ತಿಕೊಂಡರೂ ಮೊದಲು ಮೂಗಿಗೆ ಹಿಡಿಯುವ ಚಾಳಿಯಿಂದ ಎಲ್ಲರ ಬಾಯಲ್ಲೂ ಮೂಸಕ್ಕ ಆಗಿದ್ದಳು. ಟೀ ಕೊಟ್ಟರೆ ಮೂಸುವಳು, ಸೋಪು ಕೊಟ್ಟರೆ ಮೂಸುವಳು. ಜೊತೆಯವಳು ಹೊಸ ಸೀರೆ ಉಟ್ಟು ಬಂದರೆ ಸೆರಗನ್ನು ಎಳೆದು ಮೂಸಿ, "ಅಂಗಡಿ ವಾಸನೆ ಹೋಗಿಲ್ಲ ಕಣೇ, ಒಂದ್ಸಲ ನೀರಿಗೆ ಹಾಕು" ಅನ್ನುವಳು. ಸೀರೆಯ ಬಣ್ಣ ಹೊಗಳಲಿ ಎಂದು ಕಾದಿದ್ದವಳ ಮುಖ ಗಂಟಾಗುತ್ತಿತ್ತು.

ಈ ಚಾಳಿ ಅವಳ ಅವ್ವನಿಂದ ಬಂದದ್ದು. ಅವ್ವ ಹತ್ತಾರು ಮನೆಗಳ ಬಟ್ಟೆ ಒಗೆದು ಮಕ್ಕಳನ್ನು ಸಾಕಿದವಳು. ಒಣಗಿದ ಬಟ್ಟೆಯನ್ನು ಮಡಿಸುವ ಮುನ್ನ ಒಂದೊಂದನ್ನೂ ಮೂಸುತ್ತಿದ್ದಳು. ಬೆವರಿನ ವಾಸನೆ ಒಂದೆಳೆ ಉಳಿದಿದ್ದರೂ ಅದು ಮತ್ತೆ ಕಲ್ಲಿಗೆ ಹೋಗುತ್ತಿತ್ತು. ಯಾವ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಅಂಚಿನಲ್ಲಿ ಯಾರಿಗೂ ಕಾಣದಂತೆ ಚುಕ್ಕೆ ಇಡುತ್ತಿದ್ದಳು. ಮೇಷ್ಟ್ರ ಮನೆಗೆ ಒಂದು, ಡಾಕ್ಟರ ಮನೆಗೆ ಎರಡು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ, ಆ ಚುಕ್ಕೆಗಳೇ ಅವಳ ಬರಹ. ಒಂದು ಸಲವೂ ಒಬ್ಬರ ಪಂಚೆ ಇನ್ನೊಬ್ಬರ ಮನೆಗೆ ಹೋಗಲಿಲ್ಲ.

ಮೂಸಕ್ಕ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಕಲಿತಳು. ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು, ಗಂಡ ತೀರಿಕೊಂಡ ಮೇಲೆ ದೊಡ್ಡಾಸ್ಪತ್ರೆಯ ಎದುರಿನ ಮೂರು ಮಹಡಿಯ ಲಾಡ್ಜಿಗೆ ರೂಮು ಸ್ವಚ್ಛ ಮಾಡುವ ಕೆಲಸಕ್ಕೆ ಸೇರಿದಳು. ಅಲ್ಲಿ ಉಳಿಯುವವರೆಲ್ಲ ಆಸ್ಪತ್ರೆಯ ಮಂದಿ. ಆಪರೇಷನ್ನಿಗೆ ಕಾದವರು, ಆಪರೇಷನ್ ಆಗಿ ಡ್ರೆಸಿಂಗಿಗೆ ಉಳಿದವರು, ಅವರ ಹಿಂದೆ ಫ್ಲಾಸ್ಕು ಹಿಡಿದು ಓಡಾಡುವ ನೆಂಟರು. ರೋಗಿಗಳು ಮಲಗುವ ಹಾಸು ದಿನಾ ಬದಲಾಗಬೇಕು ಎಂಬ ಷರತ್ತಿನ ಮೇಲೆ ಆಸ್ಪತ್ರೆಯವರು ತಮ್ಮ ರೋಗಿಗಳನ್ನು ಅಲ್ಲಿಗೆ ಕಳಿಸುತ್ತಿದ್ದರು. ಅದಕ್ಕೇ ಪ್ರತಿ ಬಾಗಿಲ ಹಿಂದೆ ಒಂದು ಕಾರ್ಡು. ಒಂದು ಕಡೆ ತಾರೀಖು, ಅದರ ಮುಂದೆ ಹಾಸಿನ ವಿಚಾರ, ತಿಂಗಳ ಕೊನೆಗೆ ಕೆಳಗಡೆ ಮ್ಯಾನೇಜರ ಸಹಿ.

ಆ ಪದವನ್ನು ಕಲಿಸಿದವರು ಮ್ಯಾನೇಜರೇ. ಹಳೆಯ ಬಿಲ್ಲಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟು, "ಇದನ್ನ ನೋಡ್ಕೊಂಡು ಬರೀಮ್ಮ, ಇಂಗ್ಲಿಷಲ್ಲಿ ಇದ್ರೆ ಒಂದು ಗೌರವ" ಅಂದಿದ್ದರು. ಅವತ್ತು ಮನೆಗೆ ಹೋಗಿ ಸ್ಲೇಟಿನ ಮೇಲೆ ನೂರು ಸಲ ತಿದ್ದಿದಳು. ಬೀಗರ ಮನೆಯವರ ಮುಂದೆ ಬರೆದು ತೋರಿಸಿದ್ದೂ ಉಂಟು. ಹೆಮ್ಮೆ ಸರಿಯಾಗಿ ಮೂರು ದಿನ ಉಳಿಯಿತು.

ಮೂರನೇ ದಿನ ಮ್ಯಾನೇಜರು ಕೆಲಸದ ಒಳಗುಟ್ಟು ಹೇಳಿಕೊಟ್ಟರು. ಬಟ್ಟೆ ಒಗೆಯಲು ಒಯ್ಯುವ ವ್ಯಾನು ಬರುತ್ತಿದ್ದದ್ದು ವಾರಕ್ಕೆ ಎರಡು ಸಲ. ನಡುವಿನ ದಿನಗಳಲ್ಲಿ ಹಾಸನ್ನು ಕೊಡವಿ, ತಲೆಯ ಕಡೆಯದನ್ನು ಕಾಲಿಗೆ ತಿರುಗಿಸಿ, ಒಳಮಗ್ಗುಲು ಮೇಲೆ ಮಾಡಿ, ಒದ್ದೆ ಅಂಗೈಯಿಂದ ಸುಕ್ಕು ನೀವಿ, ಮೇಲೊಂದಿಷ್ಟು ಸೆಂಟು ಹೊಡೆಯುವುದು. ದಿಂಬಿನ ಕವರನ್ನು ಒಳಗು ಹೊರಗು ಮಾಡುವುದು. ನೀರಿನ ಲೋಟವನ್ನು ರೂಮು ಬಿಟ್ಟು ಹೋದವರ ಟವೆಲ್ಲಿನಿಂದಲೇ ಒರೆಸುವುದು. ಹೌದು, ಅವರು ಮೈ ಒರೆಸಿ ಎಸೆದ ಟವೆಲ್ಲೇ. ಆಮೇಲೆ ಲೋಟಕ್ಕೆ ಕಾಗದದ ಟೋಪಿ ಹಾಕುವುದು. ಥೂ! ಅದಕ್ಕೆಲ್ಲ ಸೇರಿ ಮ್ಯಾನೇಜರ ಬಾಯಲ್ಲಿದ್ದ ಹೆಸರು 'ಫ್ರೆಶ್ ಮಾಡೋದು'.

ಕೆಲಸದವರು ಅವರನ್ನು ಹಿಂದಿನಿಂದ ಪುಸ್‌ಪುಸ್ ಸಾಹೇಬ್ರು ಅನ್ನುತ್ತಿದ್ದರು. ಸೆಂಟಿನ ಡಬ್ಬಿ ಕೈಯಲ್ಲಿಲ್ಲದೆ ಅವರು ರೂಮಿಗೆ ಕಾಲಿಟ್ಟವರಲ್ಲ. ಕಿಟಕಿ ತೆರೆಯುವುದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ವಾಂತಿ ಮಾಡಿದ ರೂಮಿಗೂ ಮಲ್ಲಿಗೆ, ಸಿಗರೇಟು ಸೇದಿದ ರೂಮಿಗೂ ಮಲ್ಲಿಗೆ. ಮೂಸಕ್ಕನಿಗೆ ಕೊನೆಕೊನೆಗೆ ಮಲ್ಲಿಗೆಯ ವಾಸನೆ ಬಂದರೆ ಸಾಕು, ಇದರಡಿಯಲ್ಲಿ ಏನು ಕೊಳೆತಿದೆಯೋ ಎಂದು ಹುಡುಕುವ ಹಾಗಾಗಿತ್ತು. ದಾರಿಯಲ್ಲಿ ಹೂವು ಮಾರುವವಳನ್ನು ಕಂಡರೂ ಮುಖ ಸಿಂಡರಿಸಿ ದೂರ ಸರಿಯುತ್ತಿದ್ದಳು.

ಆ ಪದವಂತೂ ಎಲ್ಲೆಲ್ಲೂ ಅವಳ ಬೆನ್ನು ಹತ್ತಿತು. ಮುಖ ತೊಳೆಯಿರಿ, ಕಕ್ಕಸಿಗೆ ಹೋಗಿ ಎನ್ನಲು ನಾಚಿಕೆಯಾಗಿ ಮ್ಯಾನೇಜರು ಬಂದವರಿಗೆಲ್ಲ "ರೂಮಿಗೆ ಹೋಗಿ ಫ್ರೆಶ್ ಆಗಿ ಸರ್" ಅನ್ನುತ್ತಿದ್ದರು. ತರಕಾರಿಯವನು ನಿನ್ನೆಯ ಸೊಪ್ಪಿಗೆ ನೀರು ಚಿಮುಕಿಸಿ ಫ್ರೆಶ್ ಅನ್ನುತ್ತಿದ್ದ. ಅಳಿಯ ಬಾಯಿ ನಾರುವಷ್ಟು ಕುಡಿದು ಬಂದು, "ಮೈಂಡ್ ಫ್ರೆಶ್ ಆಯ್ತು ಅತ್ತೆ" ಅನ್ನುತ್ತಿದ್ದ. ತಂಗಿಯ ಮಗ ಕೆಲಸ ಕೇಳಲು ಹೋದಲ್ಲೆಲ್ಲ ಫ್ರೆಶರ್ ಬೇಡ ಎಂದು ವಾಪಸು ಕಳಿಸುತ್ತಿದ್ದರು. "ಎಲ್ಲಾದಕ್ಕೂ ಫ್ರೆಶ್ ಬೇಕು, ಕೆಲಸಕ್ಕೆ ಮಾತ್ರ ಹಳಸಿದ್ದೇ ಆಗ್ಬೇಕಾ ದೊಡ್ಡಮ್ಮ?" ಎಂದು ಅವನು ಕೇಳಿದಾಗ ಅವಳಿಗೆ ನಗು ಬಂತು. ಲಾಡ್ಜಿನಲ್ಲಿ ಅವಳಿಗೆ ನಗು ಬಂದದ್ದು ಕಡಿಮೆ.

ಕೆಲಸ ಬಿಡಬಾರದಿತ್ತೇ ಎಂದು ಕೇಳುವುದು ಸುಲಭ. ಮನೆಯಲ್ಲಿ ಗಂಡ ಬಿಟ್ಟಂತಾದ ಮಗಳು, ವಯಸ್ಸು ಐವತ್ಮೂರು, ಬೇರೆ ಲಾಡ್ಜಿನಲ್ಲೂ ಇದೇ ಕಥೆ. ಅವಳು ಬಿಡಲಿಲ್ಲ. ಬದಲಿಗೆ ಅವ್ವನ ಚುಕ್ಕೆ ಹಿಡಿದಳು. ನಿಜವಾಗಿ ಒಗೆದ ಹಾಸು ಹಾಸಿದ ದಿನ ಬರೀ ಪದ ಬರೆಯುವಳು. ಮಗ್ಗುಲು ತಿರುಗಿಸಿದ ದಿನ ಪದ ಬರೆದು ಅದರಡಿಯಲ್ಲಿ ಒಂದು ಸಣ್ಣ ಚುಕ್ಕೆ ಇಡುವಳು. ಯಾರೂ ಕೇಳಲಿಲ್ಲ. ಯಾರಿಗೂ ಉಪಯೋಗವಿಲ್ಲದ ಆ ಚುಕ್ಕೆ ಇಟ್ಟರೆ ಅವಳಿಗೆ ಮನೆಗೆ ಹೋಗಿ ಊಟ ಮಾಡಲು ಆಗುತ್ತಿತ್ತು, ಅಷ್ಟೆ.

ಮ್ಯಾನೇಜರಂತೂ ಏನನ್ನೂ ಓದಿ ಸಹಿ ಹಾಕಿದವರಲ್ಲ. ಅವರ ಬಲಗೈಗೆ ಪೆನ್ನು, ಎಡಗೈಗೆ ಫೋನು. ಮೂಸಕ್ಕ ಕಾರ್ಡುಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಒಂದೊಂದರ ಕೆಳಗಿನ ಅಂಚನ್ನು ಮಾತ್ರ ಸರಿಸಿಕೊಡಬೇಕು. ಅವರು ಫೋನಿನಲ್ಲಿ ನಗುತ್ತಲೇ ಸರಸರ ಸಹಿ ಎಳೆಯುತ್ತಾರೆ. ಹಿಂದೊಮ್ಮೆ ಕಾವಲುಗಾರ ಅದೇ ಕಟ್ಟಿನ ನಡುವೆ ನಲವತ್ತು ದಿನದ ರಜಾ ಅರ್ಜಿ ಸೇರಿಸಿಟ್ಟು, ಸಹಿ ಹಾಕಿಸಿಕೊಂಡು ಊರಿಗೆ ಹೋಗಿ ಆರಾಮಾಗಿ ಮನೆಗೆ ಹೆಂಚು ಹೊದಿಸಿ ಬಂದಿದ್ದ.

ಹೀಗಿರುವಾಗ ಒಂದು ತಿಂಗಳ ಕೊನೆಯ ವಾರ ಹದಿನಾಲ್ಕನೇ ರೂಮಿಗೆ ಒಬ್ಬ ತಾಯಿ, ಅವಳ ಒಂಬತ್ತು ವರ್ಷದ ಮಗಳು ಬಂದರು. ಸ್ನಾನದ ಕುದಿನೀರು ಮಗುವಿನ ಬೆನ್ನ ಮೇಲೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಒಂದು ತಿಂಗಳು ಇಟ್ಟುಕೊಂಡು, ಗಾಯ ಮಾಗುತ್ತಿದೆ, ದಿನ ಬಿಟ್ಟು ದಿನ ಡ್ರೆಸಿಂಗಿಗೆ ಕರೆತನ್ನಿ ಎಂದು ಕಳಿಸಿದ್ದರು. ಮಗು ಹೊಟ್ಟೆಯ ಮೇಲೆ ಮಲಗಿ ಬಣ್ಣದ ಪೆನ್ಸಿಲಿನಿಂದ ಮೀನು ಬರೆಯುತ್ತಿತ್ತು. ನಿದ್ದೆಯಲ್ಲಿ ಮಾತ್ರ ಬೆನ್ನ ಮೇಲೆ ಹೊರಳಿ ಚೀರುತ್ತಿತ್ತು. ತಾಯಿ ಮಗುವನ್ನು ಮುಟ್ಟುವ ಮೊದಲು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದಳು, ತೊಳೆದೂ ತೊಳೆದೂ ಕೈ ಬಿಳಿಚಿ ಸಿಪ್ಪೆ ಏಳುತ್ತಿತ್ತು.

ದಿನಾ ಬೆಳಗ್ಗೆ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಅಕ್ಕಾ, ಫ್ರೆಶ್ ತಾನೆ?"

"ಫ್ರೆಶ್ ಕಣಮ್ಮ" ಅನ್ನುತ್ತಿದ್ದಳು ಮೂಸಕ್ಕ.

ಮೊದಮೊದಲು ಮೂಸಕ್ಕ ಅಲ್ಲಿ ಇಲ್ಲಿಂದ ಒಗೆದ ಹಾಸು ಎತ್ತಿಟ್ಟುಕೊಂಡು ಹದಿನಾಲ್ಕಕ್ಕೇ ಹಾಕುತ್ತಿದ್ದಳು. ಎರಡನೇ ವಾರ ಲಾಡ್ಜು ತುಂಬಿತು, ಆ ಉಪಾಯ ನಡೆಯಲಿಲ್ಲ. ಮೂರನೇ ವಾರ ಒಂದು ಬೆಳಗ್ಗೆ ಮಗು ಡ್ರೆಸಿಂಗಿಗೆ ಹೋದಾಗ ಹಾಸನ್ನು ಎತ್ತಿ ಮೂಗಿಗೆ ಹಿಡಿದವಳು ಹಾಗೇ ನಿಂತಳು. ಔಷಧಿಯ ವಾಸನೆಯ ಕೆಳಗೆ ಇನ್ನೊಂದು ಇತ್ತು, ಸಿಹಿಸಿಹಿಯಾಗಿ, ಕೆಟ್ಟದಾಗಿ. ಕೀವಿನ ವಾಸನೆ. ಓಡಿ ಕೆಳಗಿಳಿದಳು.

"ಸರ್, ಹದಿನಾಲ್ಕರ ಹಾಸು ಒಗೀಲೇಬೇಕು."

"ಕಲೆ ಇದ್ಯಾ?"

"ಕಲೆ ಇಲ್ಲ, ವಾಸನೆ ಇದೆ ಸರ್. ಆ ಮಗೂದು ಹಸಿ ಗಾಯ."

"ವಾಸನೆ ಯಾರ ಕಣ್ಣಿಗೆ ಕಾಣುತ್ತಮ್ಮಾ? ವ್ಯಾನು ನಾಡಿದ್ದು ಬರುತ್ತೆ. ತಿರುಗಿಸಿ ಹಾಕು, ಎರಡು ಪುಸ್ ಜಾಸ್ತಿ ಹೊಡಿ. ಎಲ್ಲಾದಕ್ಕೂ ಮೂಗು ತೂರಿಸ್ಬೇಡ."

ಅವಳು ಹಾಸನ್ನು ಕೈಯಲ್ಲಿ ಒಗೆದು ಒಣಗಿಸಬಹುದಿತ್ತು. ಮನೆಯಿಂದ ಒಂದು ಹಾಸು ತರಬಹುದಿತ್ತು. ತಾಯಿಗೆ ಒಂದು ಮಾತು ಹೇಳಬಹುದಿತ್ತು. ಇನ್ನೂ ಒಂಬತ್ತು ರೂಮು ಬಾಕಿ ಇದ್ದವು. ಅವಳು ಹಾಸನ್ನು ತಿರುಗಿಸಿ ಹಾಕಿದಳು, ಎರಡು ಪುಸ್ ಜಾಸ್ತಿ ಹೊಡೆದಳು, ಪದ ಬರೆದಳು, ಚುಕ್ಕೆ ಇಟ್ಟಳು. ಅವತ್ತು ಚುಕ್ಕೆ ಇಟ್ಟರೂ ತಟ್ಟೆಯ ಅನ್ನವನ್ನು ಹಾಗೇ ಮುಚ್ಚಿಟ್ಟಳು.

ಮೂರನೇ ದಿನ ಮಗುವಿಗೆ ಮೈ ಸುಡುವ ಜ್ವರ. ಎತ್ತಿಕೊಂಡು ಓಡಿದರು. ಗಾಯ ಕೀವಾಗಿತ್ತು, ಮತ್ತೆ ಒಳಗೆ ಸೇರಿಸಿದರು. ಹಾಸಿನಿಂದಲೇ ಹಾಗಾಯಿತೆಂದು ಮೂಸಕ್ಕನಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆದರೆ ಆ ವಾಸನೆಯ ಮೇಲೆ ಮಗುವನ್ನು ಮತ್ತೆ ಮಲಗಿಸಿದ ಕೈ ತನ್ನದೆಂಬುದು ಗೊತ್ತಿತ್ತು.

ಸುದ್ದಿ ಕೇಳಿ ಊರಿಂದ ಆ ತಾಯಿಯ ಗಂಡ, ಅತ್ತೆ ಬಂದರು. ಸಾಮಾನು ಒಯ್ಯಲು ಹದಿನಾಲ್ಕಕ್ಕೆ ಬಂದಾಗ ಮೂಸಕ್ಕ ಓಣಿಯಲ್ಲಿ ನೆಲ ಒರೆಸುತ್ತಿದ್ದಳು. ಹಾಸು ಸರಿಯಿರಲಿಲ್ಲ, ಯಾಕೋ ವಾಸನೆ ಬರುತ್ತಿತ್ತು ಎಂದು ತಾಯಿ ಅಂದಿರಬೇಕು. ಮ್ಯಾನೇಜರು ಕಾರ್ಡನ್ನು ಬೆರಳಿನಿಂದ ಬಡಿದು ತೋರಿಸುತ್ತಿದ್ದರು. "ನೀವೇ ನೋಡಿ ಸರ್. ಒಂದು ದಿನ ಬಿಡದ ಹಾಗೆ ಫ್ರೆಶ್. ನಮ್ಮ ಕಡೆಯಿಂದ ತಪ್ಪಿಲ್ಲ. ಮನೆಯವರು ಕೈಗೀ ತೊಳೀದೆ ಮುಟ್ಟಿರ್ತಾರೆ, ಪಾಪ, ಅವರಿಗೂ ಗೊತ್ತಾಗಲ್ಲ."

"ಮೊದಲಿಂದಲೂ ಹೊಲಸು ಹೆಂಗಸು" ಅಂದಳು ಅತ್ತೆ. "ನೀರು ಚೆಲ್ಲಿದ್ದೂ ಇವಳೇ."

ಗಂಡ ಹೆಂಡತಿಯ ಮುಖ ನೋಡದೆ ಹೇಳಿದ. "ನಾಳೆ ಆಸ್ಪತ್ರೆ ನರ್ಸಮ್ಮ ಬಂದು ಕಾರ್ಡು ನೋಡ್ತಾರಂತೆ. ಅವರೂ ನಿನ್ನದೇ ತಪ್ಪು ಅಂದ್ರೆ ಮಗು ನಮ್ಮಮ್ಮನ ಹತ್ರ ಇರುತ್ತೆ. ನೀನು ಮುಟ್ಟೋದು ಬೇಡ."

ತಾಯಿ ತನ್ನ ಸಿಪ್ಪೆ ಎದ್ದ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಮೂಸಕ್ಕ ಬಕೆಟ್ಟು ಬಿಟ್ಟು ಮ್ಯಾನೇಜರ ಹಿಂದೆಯೇ ಕೆಳಗಿಳಿದಳು. "ಸರ್, ಆಯಮ್ಮನ ಮೇಲೆ ಗೂಬೆ ಕೂರಿಸ್ಬೇಡಿ. ನಾನು ನರ್ಸಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

"ಹೇಳು" ಅಂದರು ಅವರು, ಸಿಟ್ಟೂ ಇಲ್ಲದೆ. "ಬರೆದಿರೋದು ಯಾರ ಕೈ? ನಿಂದು. ಇಷ್ಟು ದಿನ ಫ್ರೆಶ್ ಅಂತ ಬರೆದವಳು ಈಗ ಇಲ್ಲ ಅಂದ್ರೆ ಯಾರು ನಂಬ್ತಾರೆ? ನಂಬಿದ್ರೂ ಸಿಕ್ಕಿಹಾಕ್ಕೊಳ್ಳೋದು ನೀನೇ." ಆಮೇಲೆ ಡ್ರಾಯರಿನಿಂದ ಹೊಸ ಕಾರ್ಡುಗಳ ಕಟ್ಟು ತೆಗೆದು ಮುಂದಿಟ್ಟರು. "ಈ ತಿಂಗಳ ಕಾರ್ಡೆಲ್ಲ ತೇವ ಹಿಡಿದು ಗಲೀಜಾಗಿದೆ. ಇಪ್ಪತ್ತೆರಡನ್ನೂ ನೀಟಾಗಿ ಫ್ರೆಶ್ ಆಗಿ ಬರ್ಕೊಂಡು ಬಾ. ಸಂಜೆ ಸಹಿ ಹಾಕ್ತೀನಿ, ಹಳೇದು ಹರಿದು ಬಿಸಾಕೋಣ."

ಊಟದ ಹೊತ್ತಿಗೆ ಅವಳು ಹಾಸುಗಳ ಕೋಣೆಯಲ್ಲಿ ಕುಳಿತಳು. ಅಲ್ಲೇ, ಗಿರಾಕಿಗಳು ಮರೆತು ಹೋದ ಸಾಮಾನಿನ ಬೀರು. ಒಂಟಿ ಚಪ್ಪಲಿಗಳು, ಕನ್ನಡಕಗಳು, ಒಂದು ಹಲ್ಲಿನ ಸೆಟ್ಟು, ಒಂದು ಇಂಗ್ಲಿಷ್ ಕನ್ನಡ ನಿಘಂಟು. ಹನ್ನೊಂದು ವರ್ಷ ಬರೆದ ಪದಕ್ಕೆ ನಿಜವಾಗಿ ಏನರ್ಥ ಎಂದು ಅವಳು ಯಾವತ್ತೂ ನೋಡಿರಲಿಲ್ಲ. ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಅಕ್ಷರದ ಆಕಾರಕ್ಕೆ ಆಕಾರ ತಾಳೆ ನೋಡುತ್ತ ಪುಟದ ಮೇಲೆ ಬೆರಳು ಎಳೆದಳು. ಊಟದ ಹೊತ್ತು ಪೂರಾ ಹಿಡಿಯಿತು, ಕೊನೆಗೂ ಸಿಕ್ಕಿತು.

ಹೊಸದು. ಈಗತಾನೆ ಕಿತ್ತದ್ದು, ಬಾಡದ್ದು. ಹಳಸದ ಆಹಾರ. ಉಪ್ಪಿಲ್ಲದ ಸಿಹಿನೀರು. ತಂಪು ಗಾಳಿ. ದಣಿಯದವನು. ಅನುಭವವಿಲ್ಲದವನು. ಕೊನೆಯಲ್ಲಿ, ಸಲುಗೆ ಮೀರಿದ, ಉದ್ಧಟ. ಎರಡೆರಡು ಸಲ ಓದಿದಳು. ತಂಗಿಯ ಮಗ ಇದ್ದ, ಸೊಪ್ಪಿನವನೂ ಅರ್ಧಂಬರ್ಧ ಇದ್ದ. ಮಗ್ಗುಲು ತಿರುಗಿಸಿದ್ದು ಎಂದು ಎಲ್ಲೂ ಇರಲಿಲ್ಲ. ಅಷ್ಟು ದೊಡ್ಡ ಪುಸ್ತಕ ಬರೆದವರಿಗೂ ಈ ಅರ್ಥ ಹೊಳೆದಿರಲಿಲ್ಲ. ಅದು ಪುಸ್‌ಪುಸ್ ಸಾಹೇಬರದೂ ಅವಳದೂ ಸೇರಿ ಮಾಡಿದ ಅರ್ಥ.

ಅವಳಿಗೆ ತನ್ನ ಮೇಲೇ ಎಷ್ಟು ಹೇಸಿಗೆಯಾಯಿತೆಂದರೆ ಎದ್ದು ಹೋಗಿ ಬಚ್ಚಲಲ್ಲಿ ಉಗಿದು ಬಂದಳು. ಆಮೇಲೆ ಹಳೆಯ ಕಾರ್ಡುಗಳನ್ನು ಮುಂದಿಟ್ಟುಕೊಂಡು ಹೊಸದರ ಮೇಲೆ ಬರೆಯತೊಡಗಿದಳು. ಚುಕ್ಕೆ ಇಲ್ಲದ ಕಡೆ ಇಂಗ್ಲಿಷಿನ ಐದಕ್ಷರ. ಚುಕ್ಕೆ ಇದ್ದ ಕಡೆ ಕನ್ನಡದಲ್ಲಿ, ನಾಲ್ಕನೇ ಕ್ಲಾಸಿನ ಗುಂಡು ಅಕ್ಷರದಲ್ಲಿ: ಒಗೆದಿಲ್ಲ, ತಿರುಗಿಸಿದ್ದು.

ಸಂಜೆ ಮ್ಯಾನೇಜರು ಫೋನಿನಲ್ಲಿದ್ದರು. ಯಾರದೋ ಮದುವೆ ಮಾತುಕತೆ, ಜೋರು ನಗು. ಅವಳು ಎಂದಿನಂತೆ ಕಟ್ಟನ್ನಿಟ್ಟು ಅಂಚು ಸರಿಸತೊಡಗಿದಳು. ಒಂದು, ಎರಡು, ಐದು. ಒಂಬತ್ತನೆಯದಕ್ಕೆ ಅವಳ ಬೆವರುಗೈ ಜಾರಿ ಇಡೀ ಕಾರ್ಡು ಹೊರಬಂತು. ಮ್ಯಾನೇಜರು ಹುಬ್ಬು ಗಂಟಿಕ್ಕಿ, ಫೋನಿಗೆ "ಒಂದ್ನಿಮಿಷ" ಅಂದು, ಕಾರ್ಡಿನ ಕಡೆ ನೋಡಿದರು.

"ಇದೇನಮ್ಮ, ಕನ್ನಡದಲ್ಲಿ ಗೀಚಿದ್ದೀಯ?"

ಅವಳು ಬಲಗೈ ನೀವಿಕೊಂಡಳು. "ಕೈ ನೋವು ಸರ್. ಇಪ್ಪತ್ತೆರಡು ಕಾರ್ಡು. ಕನ್ನಡದಲ್ಲಾದ್ರೆ ಬೇಗ ಆಗುತ್ತೆ."

"ಓದೋಕೆ ಬಂದ್ರೆ ಸಾಕು ಬಿಡು" ಅಂದು, ಓದದೆಯೇ ಮತ್ತೆ ಫೋನು ಕಿವಿಗಿಟ್ಟು ಸಹಿ ಎಳೆದರು. ಹದಿನಾಲ್ಕಕ್ಕೂ ಎಳೆದರು. ಇಪ್ಪತ್ತೆರಡೂ ಮುಗಿದ ಮೇಲೆ ಹಳೆಯ ಕಾರ್ಡುಗಳನ್ನು ತಾವೇ ಹರಿದು ಬುಟ್ಟಿಗೆ ಹಾಕಿದರು.

ಮರುದಿನ ಹತ್ತು ಗಂಟೆಗೆ ಆಸ್ಪತ್ರೆಯ ಹಿರಿಯ ನರ್ಸಮ್ಮ ಬಂದರು. ಹಿಂದೆ ಗಂಡ, ಅತ್ತೆ, ಎಲ್ಲರಿಗಿಂತ ಹಿಂದೆ ಆ ತಾಯಿ. ಮ್ಯಾನೇಜರು ಹದಿನಾಲ್ಕರ ಬಾಗಿಲು ತೆರೆದು ಮೊದಲು ಪುಸ್ ಅನ್ನಿಸಿದರು. ನರ್ಸಮ್ಮ ಕೆಮ್ಮುತ್ತ ಒಳಹೋಗಿ ಕಾರ್ಡು ಕಿತ್ತುಕೊಂಡರು. ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ಓದಿದರು.

"ಒಂದನೇ ತಾರೀಖು ಫ್ರೆಶ್. ಎರಡು, ಫ್ರೆಶ್. ಮೂರು, ಒಗೆದಿಲ್ಲ, ತಿರುಗಿಸಿದ್ದು. ನಾಲ್ಕು, ಒಗೆದಿಲ್ಲ..." ಅವರು ನಿಲ್ಲಿಸಿ, ಕಣ್ಣಲ್ಲೇ ಕೊನೆಯವರೆಗೂ ಓದಿಕೊಂಡರು. "ಹಸಿ ಗಾಯದ ಮಗುವನ್ನ ಹನ್ನೊಂದು ದಿನ ಇದರ ಮೇಲೆ ಮಲಗಿಸಿದ್ರಾ?"

ಮ್ಯಾನೇಜರು ಕಾರ್ಡಿಗೆ ಕೈ ಚಾಚಿದರು. "ಮೇಡಂ, ಇದು... ಇವಳು ಬರೆದಿರೋದು. ನನಗೆ ಗೊತ್ತೇ ಇಲ್ಲ."

"ಕೆಳಗಿನ ಸಹಿ?"

ನರ್ಸಮ್ಮ ಹದಿಮೂರಕ್ಕೆ ಹೋದರು, ಹನ್ನೆರಡಕ್ಕೆ ಹೋದರು. ಎಲ್ಲ ಬಾಗಿಲ ಹಿಂದೆಯೂ ಅದೇ ಗುಂಡು ಅಕ್ಷರ, ಅದೇ ಸಹಿ. ಹಿಂದಿನಿಂದ ಮ್ಯಾನೇಜರು ಕೈ ಹಿಸುಕುತ್ತ ಓಡುತ್ತಿದ್ದರು. ಅವರ ಸೆಂಟಿನ ಡಬ್ಬಿ ಹದಿನಾಲ್ಕರ ಮಂಚದ ಮೇಲೆ ಉಳಿದುಹೋಗಿತ್ತು.

ಓಣಿಯಲ್ಲಿ ತಾಯಿ ಮೊದಲ ಸಲ ತಲೆಯೆತ್ತಿ ಗಂಡನ ಮುಖ ನೋಡಿದಳು. "ಕೇಳಿಸ್ತಾ?" ಅಂದಳು. ಗಂಡ ನೆಲ ನೋಡಿದ. "ಮಗು ನನ್ನ ಹತ್ರಾನೇ ಇರುತ್ತೆ" ಅಂದಳು ತಾಯಿ.

ಮೂಸಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕೆಲಸ ಹೋಯಿತೆಂದು ಗೊತ್ತಿತ್ತು, ಅದರ ಬೇಸರ ಆಗ ಇರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಆ ತಾಯಿಯ ಕಡೆ ಒಂದು ಹೆಜ್ಜೆ ಇಟ್ಟಳು. ಏನು ನಿರೀಕ್ಷಿಸಿದ್ದಳೋ, ಬಹುಶಃ ಒಂದು ಒಳ್ಳೆಯ ಮಾತು.

ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ದಿನಾ ಕೇಳ್ತಿದ್ದೆ."

ಅಷ್ಟೇ ಅಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು. ಅವತ್ತು ಅವಳು ಅಕ್ಕಾ ಅನ್ನಲಿಲ್ಲ.